ಯಾವ ಮಿಷನ್‌ಗೆ ಕೊಡಲಿ ಅಕ್ಕಾ?

ಪ್ರಶ್ನೆ: ಅಕ್ಕಾ, ನಮ್ಮದು ವಿಜಯಪುರದ ಕಡೆ. ಈಗ ಪುಣೆಯ ಪಿಂಪ್ರಿಯಲ್ಲಿದ್ದೇವೆ. ಅಮ್ಮ ತೀರಿಕೊಂಡು ವರ್ಷವಾಗುತ್ತಿದೆ. ಆ ದಿನ ಯಾವುದಾದರೂ ಮಿಷನ್ ಆಶ್ರಮಕ್ಕೆ ಸೀರೆ, ಊಟ ಕೊಡುವ ಆಸೆ. ಒಬ್ಬರು ಕ್ಯಾಥೊಲಿಕ್ ಅಂತಾರೆ, ಇನ್ನೊಬ್ಬರು ಪ್ರೊಟೆಸ್ಟೆಂಟ್ ಅಂತಾರೆ. ಎಲ್ಲಾ ಒಂದೇ ಅಲ್ವಾ? ನಾವು ಕ್ರೈಸ್ತರಲ್ಲ, ಹೋಗಬಹುದಾ?

ಉತ್ತರ: ಧಾರಾಳವಾಗಿ ಹೋಗು ತಮ್ಮಾ. ಆದರೆ ಎಲ್ಲಾ ಒಂದೇ ಅಲ್ಲ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಅಂದರೆ ಕ್ರೈಸ್ತರ ಬೇರೆ ಬೇರೆ ಪಂಗಡಗಳು. ಅವರು ನಡೆಸುವ ಆಸ್ಪತ್ರೆ, ಆಶ್ರಮ ಎಲ್ಲಕ್ಕೂ ನಮ್ಮ ಕಡೆ ಸುಮ್ನೆ ‘ಮಿಷನ್’ ಅಂದುಬಿಡುತ್ತೇವೆ. ನನ್ನಜ್ಜಿಯನ್ನು ಉಗಾರದಿಂದ ರೈಲಿನಲ್ಲಿ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದ್ದು ಮಿರಜಿನ ಮಿಷನ್ ಆಸ್ಪತ್ರೆಯಲ್ಲಿ. 1894ರಲ್ಲಿ ಅದನ್ನು ಕಟ್ಟಿದ ಡಾಕ್ಟರ್ ವಾನ್ಲೆಸ್ ಪ್ರೆಸ್ಬಿಟೇರಿಯನ್, ಅಂದರೆ ಪ್ರೊಟೆಸ್ಟೆಂಟ್ ಪಂಗಡದವರು. ನೀಲಿ ಅಂಚಿನ ಬಿಳಿ ಸೀರೆಯ ಮದರ್ ತೆರೇಸಾ ಸಿಸ್ಟರ್‌ಗಳು ಕ್ಯಾಥೊಲಿಕ್. ಮುಂಬೈ ಬೈಕುಲ್ಲಾದ ಆಶಾ ದಾನ್ ಆಶ್ರಮ ಅವರದ್ದು. 1882ರಲ್ಲಿ ಮುಂಬೈಗೆ ಬಂದಿಳಿದ ಸಾಲ್ವೇಶನ್ ಆರ್ಮಿ ಅನ್ನೋ ಪ್ರೊಟೆಸ್ಟೆಂಟ್ ಸೇವಾ ಸಂಸ್ಥೆ ಇನ್ನೊಂದು. ಅವರವರ ಆಡಳಿತ, ಅವರವರ ಲೆಕ್ಕ.

ನಿನಗೆ ಪುಣೆಯ ಹತ್ತಿರವೇ ಒಂದು ಜಾಗ ಹೇಳುತ್ತೇನೆ. ಸೋಲಾಪುರದ ರೈಲು ಹಾದಿಯಲ್ಲಿ ಕೇಡಗಾಂವ್ ಇದೆ. ಅಲ್ಲಿನ ಮುಕ್ತಿ ಮಿಷನ್ ಕಟ್ಟಿದ್ದು ಪಂಡಿತಾ ರಮಾಬಾಯಿ. ನಮ್ಮವರೇ ಕಣಪ್ಪಾ. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹುಡುಗಿಯಾಗಿದ್ದಾಗಲೇ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಹಸಿವು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದಕ್ಕೇ 1896-97ರಲ್ಲಿ ಮತ್ತೆ ಬರ ಬಿದ್ದಾಗ ಪುಣೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಮಧ್ಯ ಭಾರತಕ್ಕೆ ತಾವೇ ಹೋಗಿ, ಬೀದಿಗೆ ಬಿದ್ದಿದ್ದ ವಿಧವೆಯರನ್ನೂ ಹೆಣ್ಣುಮಕ್ಕಳನ್ನೂ ಕರೆತಂದರು. ಬರೀ ಅನ್ನ ಹಾಕಿ ಕೂರಿಸಲಿಲ್ಲ. ಅಕ್ಷರ ಕಲಿಸಿದರು, ನೇಯ್ಗೆ ಕಲಿಸಿದರು, ಅಚ್ಚಿನ ಮೊಳೆ ಜೋಡಿಸುವುದನ್ನೂ ಕಲಿಸಿದರು. ಆ ಕಾಲದಲ್ಲಿ, ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಹೆಣ್ಣಿನ ಕೈಗೆ ಛಾಪಖಾನೆ! ಇದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ರಮಾಬಾಯಿ ಕ್ರೈಸ್ತ ದೀಕ್ಷೆ ಪಡೆದದ್ದು ಇಂಗ್ಲೆಂಡಿನಲ್ಲಿ, ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಇಂಗ್ಲೆಂಡಿನ ಚರ್ಚಿನ ಪಂಗಡದಲ್ಲಿ. ಆದರೆ ಮುಕ್ತಿಯನ್ನು ಯಾವ ಒಂದು ಪಂಗಡಕ್ಕೂ ಸೀಮಿತ ಮಾಡಲಿಲ್ಲ.

ಇನ್ನು ಸೀರೆ ವಿಷಯ. ನಾನು 31 ವರ್ಷ ನರ್ಸ್ ಆಗಿದ್ದವಳು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅತ್ತೆಯ ಹೆಸರಿನಲ್ಲಿ ಒಂದು ವೃದ್ಧಾಶ್ರಮಕ್ಕೆ ಹನ್ನೆರಡು ಸೀರೆ ಹೊತ್ತುಕೊಂಡು ಹೋಗಿದ್ದೆ. ಅಲ್ಲಿನ ಸಿಸ್ಟರ್ ಪ್ರೀತಿಯಿಂದ ತೆಗೆದುಕೊಂಡರು. ಆಮೇಲೆ ಒಳಗೆ ಕರೆದು ಕಪಾಟು ತೋರಿಸಿದರು. ತುಂಬಾ ಸೀರೆಗಳೇ! ಅವರಿಗೆ ಬೇಕಿದ್ದದ್ದು ರಬ್ಬರ್ ಶೀಟು, ಹಾಸಿಗೆ ಹಿಡಿದವರಿಗೆ ಡೈಪರ್. ಹಾಗಾಗಿ ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳು. ಊಟ ಕೊಡುವುದಾದರೆ ವಾರ ಮುಂಚೆ ಹೇಳು, ಅದೇ ದಿನ ಇನ್ನೊಬ್ಬರೂ ತಂದರೆ ಅನ್ನ ಹಾಳು. ಹಣ ಕೊಟ್ಟರೆ ಸಂಸ್ಥೆಯ ಹೆಸರಿನ ರಸೀದಿ ತೆಗೆದುಕೋ. ಮಕ್ಕಳಿರುವ ಕಡೆ ಫೋಟೋ ತೆಗೆಯಬೇಡ.

ಕೇಡಗಾಂವಕ್ಕೆ ಪುಣೆಯಿಂದ ದೌಂಡ್ ಕಡೆಯ ಪ್ಯಾಸೆಂಜರ್ ಹಿಡಿ. ಮನೆಯವರನ್ನೂ ಕರೆದುಕೊಂಡು ಹೋಗು.