ಸಣ್ಣ ಪೆಟ್ರೋಲ್ ಪಂಪ್‌ಸೆಟ್ ಚೋಕ್ ಎಳೆದರೆ ಮಾತ್ರ ಓಡುತ್ತದೆ, ಯಾಕೆ?

ಕುಷ್ಟಗಿ ಕಡೆ ಕೃಷಿ ಹೊಂಡದಿಂದ ದಾಳಿಂಬೆಗೆ ನೀರು ಎತ್ತುವ ಪಂಪು, ತಿಂಗಳುಗಟ್ಟಲೆ ಸುಮ್ನೆ ನಿಂತಿತ್ತು, ಈಗ ಚೋಕ್ ಬಿಟ್ಟ ಕೂಡಲೇ ಆಫ್ ಆಗುತ್ತದೆ ಎಂದಿದ್ದೀರಿ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅದಿಲ್ಲದೆ ಓಡುವುದಿಲ್ಲ ಅಂದ್ರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ.

ಮೊದಲು ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ ಓಡಿಸಿ. ಸರಿ ಓಡಿದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ, ಅಷ್ಟೇ. ಇಲ್ಲವಾದರೆ ಇಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಕಡೆಯ ಪೈಪ್ ಬಿಚ್ಚಿ, ಬಾಟಲಿಗೆ ಹಿಡಿದು ಟ್ಯಾಂಕಿನ ಕೆಳಗಿನ ಕಾಕ್ (ಪೆಟ್ರೋಲ್ ನಲ್ಲಿ) ತೆರೆಯಿರಿ. ಧಾರೆ ಬರಬೇಕು. ಹನಿಹನಿ ಬಿದ್ದರೆ ಕಾಕ್‌ನ ಜಾಲರಿಯಲ್ಲಿ ಕಸ ಇದೆ.

ಧಾರೆ ಚೆನ್ನಾಗಿದ್ದರೆ ತಪ್ಪು ಹೆಚ್ಚಾಗಿ ಜೆಟ್‌ದೇ, ಅಂದ್ರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪಿನದು; ನನ್ನ ಅನುಮಾನವೂ ಅದೇ. ಕಾಕ್ ಮುಚ್ಚಿ ಕಾರ್ಬೊರೇಟರ್ ಕೆಳಗಿನ ಬಟ್ಟಲು ಬಿಚ್ಚಿ. ತಳದಲ್ಲಿ ಹಳದಿ ಅಂಟು, ಕೆಲವೊಮ್ಮೆ ನೀರಿನ ಗುಂಡು ಹನಿ ಕಾಣುತ್ತವೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ನಡುವಿನ ಹಿತ್ತಾಳೆ ಜೆಟ್ ತಿರುಗಿಸಿ ತೆಗೆದು ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ, ಪೂರ್ತಿ ಕಾಣಬೇಕು. ಪಿನ್ನು ಮಾತ್ರ ಚುಚ್ಚಬೇಡಿ, ತೂತು ಅಗಲವಾದರೆ ಜೆಟ್ ಕೆಟ್ಟಂತೆಯೇ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಬಿಡಿ. ಹಳೇ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿ.

ಮುಂದೆ ಪಂಪು ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.