ಅಮ್ಮನ ಜೊತೆ ಕುಮಾನೊ: ಮೂರು ದಿನ ಸಾಕು

ಒಸಾಕಾದಿಂದ ಮೂರು ದಿನದಲ್ಲಿ ಕಡಲು, ಬೆಟ್ಟ ಎರಡೂ ಆಗಬೇಕು, ಜೊತೆಗಿರುವ ಅಮ್ಮನಿಗೆ ಮಂಡಿನೋವು, ಸಸ್ಯಾಹಾರಿ ಬೇರೆ ಅಂತ ಕೇಳಿದ್ದೀರಿ. ಒಸಾಕಾದ ದಕ್ಷಿಣಕ್ಕಿರುವ ಕೀ ಪರ್ಯಾಯ ದ್ವೀಪದ ಕುಮಾನೊ ಪ್ರದೇಶಕ್ಕೆ ಹೋಗಿ, ಯೋಚನೆಯೇ ಬೇಡ.

ಶಿನ್-ಒಸಾಕಾದಲ್ಲಿ ಕುರೊಶಿಯೊ ರೈಲು ಹತ್ತಿ. ಬಲಗಡೆ ಕಿಟಕಿ ಸೀಟು ಹಿಡಿಯಿರಿ, ಕಡಲು ಆ ಕಡೆಯೇ. ಎರಡು ಗಂಟೆ ಚಿಲ್ಲರೆಗೆ ಕೀ-ತನಾಬೆ. ಅಲ್ಲಿಂದ ಬಸ್ಸಿನಲ್ಲಿ ಯುನೊಮಿನೆ ಎಂಬ ಬಿಸಿನೀರ ಬುಗ್ಗೆಯ ಹಳ್ಳಿ. ಒಂದು ರಾತ್ರಿ ಇಲ್ಲೇ ಉಳಿಯಿರಿ. ಹಳ್ಳದ ಪಕ್ಕ ಬಿಸಿನೀರ ಬುಗ್ಗೆಯ ತೊಟ್ಟಿ ಇದೆ. ಮೊಟ್ಟೆ, ಗೆಣಸು ಬಲೆಚೀಲಕ್ಕೆ ಹಾಕಿ ಇಳಿಬಿಟ್ಟು, ಗಂಧಕದ ವಾಸನೆಯಲ್ಲಿ ಬೇಯೋವರೆಗೆ ಕಾಯುತ್ತಾ ಕೂರಬಹುದು. ಅಮ್ಮನಿಗೆ ಖಂಡಿತ ಇಷ್ಟವಾಗುತ್ತೆ.

ಮಾರನೇ ದಿನ ಹೊಶ್ಶಿನ್‌ಮೊನ್-ಓಜಿ ಎಂಬ ಪುಟ್ಟ ದೇಗುಲದವರೆಗೆ ಬಸ್ಸು. ಅಲ್ಲಿಂದ ಹೊಂಗೂ ದೇಗುಲಕ್ಕೆ ಸುಮಾರು 7 ಕಿ.ಮೀ. ಹಳೇ ಯಾತ್ರೆಯ ದಾರಿ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಇದೇ. ಬಹುಪಾಲು ಇಳಿಜಾರು. ಆದರೆ ಮಂಡಿನೋವಿಗೆ ಇಳಿಯೋದೂ ಕಷ್ಟ ಅಲ್ವಾ? ಅಮ್ಮ ಬಸ್ಸಲ್ಲೇ ಹೊಂಗೂಗೆ ಬರಲಿ, ನೀವು ನಡೆಯಿರಿ. ದೇಗುಲಕ್ಕೆ 158 ಮೆಟ್ಟಿಲಿವೆ, ನಿಧಾನಕ್ಕೆ ಹತ್ತಿಸಿ. ಹತ್ತಿರದ ಓಯುನೊಹಾರಾದಲ್ಲಿ 33.9 ಮೀಟರ್ ಎತ್ತರದ ತೋರಿ ಹೆಬ್ಬಾಗಿಲು ಬಯಲಲ್ಲೇ ಇದೆ, ಮೆಟ್ಟಿಲ ಗೋಜಿಲ್ಲ.

ಮೂರನೇ ದಿನ ನಾಚಿ ಜಲಪಾತ, 133 ಮೀಟರ್. ಆಮೇಲೆ ಕೀ-ಕತ್ಸುಉರಾದ ಕಡಲತೀರ.

ಊಟದ್ದೇ ಜಾಸ್ತಿ ಎಚ್ಚರ. ಬರೀ ತರಕಾರಿ ಸಾರಿಗೂ ದಾಶಿ (ಜಪಾನಿ ಅಡುಗೆಗೆ ರುಚಿ ಕೊಡುವ ತಿಳಿಸಾರು) ಹಾಕಿರುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಮೀನಿರುತ್ತೆ. ರೂಮ್ ಬುಕ್ ಮಾಡುವಾಗಲೇ 'ಮೀನಿನ ದಾಶಿಯೂ ಬೇಡ' ಅಂತ ಬರೆದು ತಿಳಿಸಿ.