ಸಂಪಾದಕರ ಉತ್ತರ: ಹಡಗಿನ ಹೆಸರು ಕೇಳಿ

ಬೀದರ್‌ನಲ್ಲಿ ಸತುವಿನ ಪಾತ್ರೆಗೆ ಬೆಳ್ಳಿ ಕೂರಿಸುವ ಬಿದರಿ ಕೆಲಸದ ಮನೆಯವರೊಬ್ಬರು ಪತ್ರ ಬರೆದಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಜರ್ಮನಿಗೆ ಕಳಿಸಿದ ಹೂದಾನಿಗಳು ಕ್ರಿಸ್‌ಮಸ್ ಮುಗಿದ ಮೇಲೆ ತಲುಪಿದವಂತೆ. ಕೊಂಡವರು ಅರ್ಧ ದುಡ್ಡು ಹಿಡಿದುಕೊಂಡರಂತೆ. "ಸಮುದ್ರದ ಜೊತೆ ಜಗಳ ಆಡೋಕಾಗುತ್ತಾ? ನಮ್ಮ ಹಣೆಬರಹ" ಎಂದು ಪತ್ರ ಮುಗಿಸಿದ್ದಾರೆ.

ಹಣೆಬರಹ ಅನ್ನಬೇಡಿ. ಆ ಒಂದು ಮಾತಿಗೆ ನನಗೆ ನಿಮ್ಮ ಮೇಲೆ ಸಿಟ್ಟು ಬಂತು.

ಹಡಗಿನವರಿಗೂ ಕಷ್ಟ ಇದೆ, ಒಪ್ಪುತ್ತೇನೆ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾಯಿತು. ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾಯಿತು. 10ರಿಂದ 14 ದಿನ ಜಾಸ್ತಿ. ವೇಳೆ ತಪ್ಪಿದ ಹಡಗುಗಳು ಒಟ್ಟಿಗೇ ಬಂದು ನಿಂತರೆ ಬಂದರಿನಲ್ಲೂ ಸರದಿ ಕಾಯಬೇಕು.

ಆದರೆ ನಿಮ್ಮ ಮಾಲು ಹೊರಟಿದ್ದು ಯಾವಾಗ? ದಾಳಿ ಶುರುವಾಗಿ ಹೆಚ್ಚುಕಡಿಮೆ ವರ್ಷವಾದ ಮೇಲೆ. ಸುತ್ತು ದಾರಿ ಅಂತ ಅಷ್ಟೊತ್ತಿಗೆ ಹಡಗಿನ ಕಂಪನಿಗೆ ಗೊತ್ತಿತ್ತು, ಏಜೆಂಟ್‌ಗೆ ಗೊತ್ತಿತ್ತು, ಜರ್ಮನಿಯ ಅಂಗಡಿಗೂ ಗೊತ್ತಿತ್ತು. ನಿಮಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೆ ಸೆಪ್ಟೆಂಬರ್‌ನಲ್ಲೇ ಕಳಿಸುತ್ತಿದ್ದಿರಿ, ಅಲ್ವಾ?

ಬೀದರ್‌ನ ಒಂದು ಕಾರ್ಖಾನೆಯಲ್ಲಿ ನಾನು ಮಧ್ಯಾಹ್ನವೆಲ್ಲ ಕೂತಿದ್ದೆ. ಉಳಿಯಿಂದ ಕೊರೆದ ಗೀರಿನೊಳಗೆ ಹಿರಿಯರೊಬ್ಬರು ಕೂದಲೆಳೆಯಂಥ ಬೆಳ್ಳಿ ತಂತಿ ಕೂರಿಸಿ, ಮೆಲ್ಲಗೆ ತಟ್ಟುತ್ತಿದ್ದರು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಸವರಿದರು. ಸತುವು ಕಪ್ಪಾಯಿತು, ಬೆಳ್ಳಿ ಹಾಗೇ ಹೊಳೆಯಿತು. ಆ ಮಣ್ಣನ್ನು ಅವರು ಮೊದಲು ನಾಲಿಗೆಗೆ ಇಟ್ಟು ನೋಡಿದ್ದರು. ಮಣ್ಣನ್ನೂ ರುಚಿ ನೋಡದೆ ಮುಟ್ಟದ ನೀವು ಏಜೆಂಟ್ ಕೊಟ್ಟ ಕಾಗದಕ್ಕೆ ಸುಮ್ನೆ ಸಹಿ ಹಾಕೋದೇ?

ಕಡಲ ವ್ಯಾಪಾರ ನಿಮ್ಮೂರಿಗೆ ಹೊಸದಲ್ಲ. ಮಹಮೂದ್ ಗಾವಾನ್ 1453ರಲ್ಲಿ ದಾಭೋಳ ಬಂದರಿಗೆ ಇಳಿದು ಬೀದರ್‌ಗೆ ಬಂದ ವ್ಯಾಪಾರಿ. ಅದೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ನಿಕಿಟಿನ್ ಹಡಗಿನಲ್ಲಿ ತಂದ ಕುದುರೆಯನ್ನು ಮಾರಿದ್ದು ಬೀದರ್‌ನಲ್ಲಿ. ಅವರಿಬ್ಬರಿಗೂ ತಮ್ಮ ಮಾಲು ಎಲ್ಲಿದೆ ಅಂತ ಗೊತ್ತಿತ್ತು.

ನಿಮ್ಮ ಪತ್ರದಲ್ಲಿ ಹಡಗಿನ ಹೆಸರಿಲ್ಲ, ಕಂಟೇನರ್ ನಂಬರೂ ಇಲ್ಲ. ಪ್ರತಿ ಕಂಟೇನರ್ ಮೇಲೆ ನಾಲ್ಕು ಅಕ್ಷರ, ಏಳು ಅಂಕಿ ಇರುತ್ತವೆ. ನಿಮ್ಮ ನಾಲ್ಕು ಪೆಟ್ಟಿಗೆ ಹತ್ತು ಜನರ ಮಾಲಿನ ಜೊತೆ ಹೋದರೂ ಆ ನಂಬರ್ ಕೇಳುವ ಹಕ್ಕು ನಿಮ್ಮದು. ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಮಾಲು ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಇನ್ನೊಂದು: ಹಡಗು ತಡವಾದರೆ ನಷ್ಟ ಯಾರದು ಅನ್ನೋದನ್ನು ಆರ್ಡರ್ ಹಿಡಿಯುವಾಗಲೇ ಬರೆಸಿಕೊಳ್ಳಿ.

ತಡವಾದರೆ ಎಲ್ಲರಿಗೂ ನಷ್ಟ ಅಂದುಕೊಂಡಿದ್ದೀರಾ? ಕೋವಿಡ್ ಕಾಲದಲ್ಲಿ ಬಂದರುಗಳಲ್ಲಿ ಹಡಗುಗಳು ಸಾಲುಗಟ್ಟಿ ನಿಂತು, ಮಾಲು ಸಾಗಿಸುವ ಬಾಡಿಗೆ ಏರಿತು. ಮಾರ್ಸ್ಕ್ ಎಂಬ ಹಡಗಿನ ಕಂಪನಿ 2022ರಲ್ಲಿ ಸುಮಾರು 29 ಶತಕೋಟಿ ಡಾಲರ್ ಲಾಭ ಮಾಡಿತು.

ನಮ್ಮವರಿಗೆ ಸನ್ಮಾನಕ್ಕೇನೂ ಕೊರತೆಯಿಲ್ಲ. ಬಿದರಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಕಸುಬು ಅನ್ನುವ ಸರ್ಕಾರದ ಗುರುತು, ಬಂತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ನಾವೆಲ್ಲ ಕುಣಿದಾಡಿದೆವು. ಆದರೆ ಮಾಲು ಹೊರಡುವಾಗ ಕೈಗೆ ಬರುವ ಕಾಗದ ಇವತ್ತಿಗೂ ಇಂಗ್ಲಿಷಿನದು. ಆ ಕಾಗದ ಈ ಸಲ ನನಗೆ ಕಳಿಸಿ. ಇಬ್ಬರೂ ಕೂತು ಸಾಲುಸಾಲಾಗಿ ಓದೋಣ.